ವಿಯೆಟ್ನಾಂನಲ್ಲಿ ಊಟಕ್ಕೆ ಎಲ್ಲಿ ಕೂರುವುದು: ಹಳ್ಳಿಮನೆ ಹೋಟೆಲಾ, ಫುಟ್‌ಪಾತಾ, ಸಸ್ಯಾಹಾರಿ ಅಂಗಡಿಯಾ?

ಮಂಗಳೂರು, ಉಡುಪಿ ಕಡೆಯಿಂದ ವಿಯೆಟ್ನಾಂಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. 2024ರಲ್ಲಿ ಭಾರತದಿಂದ ಸುಮಾರು 5 ಲಕ್ಷ ಜನ ಹೋಗಿ ಬಂದರು. ವೀಸಾ ಸುಲಭ. ಮನೆಯಲ್ಲೇ ಕೂತು 25 ಡಾಲರ್ ಕಟ್ಟಿದರೆ ಇ-ವೀಸಾ ಬರುತ್ತದೆ, 2023ರ ಆಗಸ್ಟ್ ನಂತರ ಅದು 90 ದಿನದವರೆಗೂ ಸಿಗುತ್ತಿದೆ. ಟಿಕೆಟ್, ರೂಮು ಎಲ್ಲ ಮುಗಿದ ಮೇಲೆ ತಲೆಬಿಸಿ ಶುರುವಾಗುವುದು ಊಟದ ವಿಷಯಕ್ಕೆ. ಮಣಿಪಾಲದ ಒಬ್ಬರು ಮೊನ್ನೆ ಹೀಗೆ ಕೇಳಿದರು: "ಅತ್ತೆ ಮಾವ ಶುದ್ಧ ಸಸ್ಯಾಹಾರಿ. ಮಾವನಿಗೆ ಮಂಡಿ ನೋವು ಬೇರೆ. ನಮ್ಮವರು ಹೊರಗೆ ಹೋದರೆ ಮೀನು ತಿನ್ನುತ್ತಾರೆ, ಮಗನಿಗೆ ಫುಟ್‌ಪಾತಿನ ನೂಡಲ್ಸೇ ಬೇಕಂತೆ. ಅಲ್ಲಿನ ಹಳ್ಳಿಮನೆ ಥರದ ಹೋಟೆಲುಗಳ ಫೋಟೋ ನೋಡಿದೆ, ತುಂಬ ಚಂದ ಉಂಟು. ಅಲ್ಲಿಗೇ ಹೋಗೋಣವಾ, ಬೇರೆ ಕಡೆಯಾ?"

ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಕೇಳುವುದು ಇದನ್ನೇ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ಮಾತು. ಹೆಚ್ಚಿನವರು ಹೋಟೆಲ್ ಆರಿಸುವುದು ಸ್ಟಾರ್ ನೋಡಿ, ಫೋಟೋ ನೋಡಿ, ಇಲ್ಲ "ಅಸಲಿ ರುಚಿ" ಎಲ್ಲಿದೆ ಅಂತ ಹುಡುಕಿ. ನನ್ನ ಪ್ರಕಾರ ನೋಡಬೇಕಾದ್ದು ನಿಮ್ಮ ಜೊತೆ ಕೂರುವವರನ್ನು. ಅವರು ಏನು ತಿನ್ನುವುದಿಲ್ಲ, ಎಷ್ಟು ಕೆಳಗೆ ಕೂರಬಲ್ಲರು, ಎಷ್ಟು ಹೊತ್ತು ಹಸಿವು ತಡೆಯಬಲ್ಲರು ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಆಮೇಲೆ ದುಡ್ಡು. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಅಂತ ಲೆಕ್ಕ ಇಟ್ಟುಕೊಳ್ಳಿ, 50 ಸಾವಿರ ಡಾಂಗ್ ಅಂದರೆ ಹತ್ತಿರ ಹತ್ತಿರ 170 ರೂಪಾಯಿ. ಕೊನೆಗೆ ಹೊತ್ತು. ಅಲ್ಲಿ ಜನ ಬೇಗ ಉಣ್ಣುತ್ತಾರೆ. ಮಧ್ಯಾಹ್ನ 11ಕ್ಕೇ ಅಂಗಡಿ ತುಂಬುತ್ತದೆ, 2ರ ಮೇಲೆ ಹೋದರೆ ಕೆಲವು ಕಡೆ ಒಲೆ ಆರಿರುತ್ತದೆ. ನಮ್ಮ ಹಾಗೆ ರಾತ್ರಿ 9ಕ್ಕೆ ಊಟಕ್ಕೆ ಹೊರಟರೆ ಆಯ್ಕೆ ಕಡಿಮೆ.

ಇನ್ನೊಂದನ್ನು ಎಲ್ಲ ಕಡೆಗೂ ನೆನಪಿಡಬೇಕು: ನುಕ್ ಮಾಮ್. ಸಣ್ಣ ಮೀನನ್ನು ಉಪ್ಪಿನ ಜೊತೆ ತಿಂಗಳುಗಟ್ಟಲೆ ಕೊಳೆಸಿ ಇಳಿಸಿದ ರಸ ಅದು. ಫು ಕ್ವಾಕ್ ದ್ವೀಪದ್ದು ಪ್ರಸಿದ್ಧ, ಅಲ್ಲಿ ದೊಡ್ಡ ಮರದ ಪೀಪಾಯಿಗಳಲ್ಲಿ ವರ್ಷದ ಹತ್ತಿರ ಇಡುತ್ತಾರೆ. ನಾವು ಉಪ್ಪು ಹಾಕುವ ಕಡೆಯೆಲ್ಲ ಅವರು ಇದನ್ನು ಹಾಕುತ್ತಾರೆ. ಹಾಗಾಗಿ ಕಣ್ಣಿಗೆ ಬರೀ ಸೊಪ್ಪು, ಬರೀ ತೋಫು ಕಂಡರೂ ಅದು ಸಸ್ಯಾಹಾರ ಅಂತ ಅಂದುಕೊಳ್ಳಬೇಡಿ.

ಹಳ್ಳಿಮನೆ ಶೈಲಿಯ ಹೋಟೆಲುಗಳು

ಎಲ್ಲರಿಗೂ ಆಸೆ ಇರುವುದು ಇದರ ಮೇಲೆ. ಬಿದಿರಿನ ಕಂಬ, ಗರಿಯ ಮಾಡು, ಇಟ್ಟಿಗೆ ಅಂಗಳ, ಹಳೆ ಮರದ ಮೇಜು, ಅಂಚು ಎದ್ದ ಎನಾಮಲ್ ತಟ್ಟೆ, ಮಣ್ಣಿನ ಪಾತ್ರೆಯಲ್ಲಿ ಬರುವ ಅನ್ನ. ಹನೋಯ್‌ನಲ್ಲೂ ಸೈಗಾನ್‌ನಲ್ಲೂ (ಟಿಕೆಟ್ಟಿನಲ್ಲಿ ಹೋ ಚಿ ಮಿನ್ ಸಿಟಿ ಅಂತ ಇರುತ್ತದೆ) ಇಂಥವು ಬೇಕಾದಷ್ಟಿವೆ. ಸೈಗಾನ್‌ನ ಕುಕ್ ಗಾಚ್ ಕ್ವಾನ್ ಅನ್ನುವುದು ಒಬ್ಬ ವಾಸ್ತುಶಿಲ್ಪಿ ಹಳೆ ಮನೆಯನ್ನೇ ಹೋಟೆಲು ಮಾಡಿದ ಜಾಗ, ಮನೆಯೂಟವೇ ಅದರ ಹೆಸರು ಉಳಿಸಿದೆ. ಹನೋಯ್‌ನಲ್ಲಿ ಇನ್ನೊಂದು ಬಗೆ ಇದೆ. 1986ರಲ್ಲಿ ದೇಶದ ಆರ್ಥಿಕ ನೀತಿ ಬದಲಾಗುವ ಮೊದಲು ಎಲ್ಲವೂ ಪಡಿತರ ಚೀಟಿಯಲ್ಲಿ ಸಿಗುತ್ತಿದ್ದ ಕಾಲವನ್ನು ನೆನಪಿಸುವ ಹೋಟೆಲುಗಳು ಅವು. ಹಳೆ ರೇಡಿಯೊ, ಹಳೆ ಸೈಕಲ್, ಆ ಕಾಲದಲ್ಲಿ ಅಕ್ಕಿ ಸಾಲದೆ ಮರಗೆಣಸು ಬೆರೆಸಿ ಬೇಯಿಸುತ್ತಿದ್ದ ಅನ್ನ ಇವೆಲ್ಲ ಇರುತ್ತವೆ. ಬಡತನವನ್ನು ಅಲಂಕಾರ ಮಾಡಿದ್ದಾರೆ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗೆ ಅನಿಸಲಿಲ್ಲ. ಪಕ್ಕದ ಮೇಜಿನಲ್ಲಿ ಅಲ್ಲಿನ ಅಜ್ಜಂದಿರು ಮೊಮ್ಮಕ್ಕಳಿಗೆ ಒಂದೊಂದು ಸಾಮಾನು ತೋರಿಸಿ ಕಥೆ ಹೇಳುತ್ತಾ ಉಣ್ಣುತ್ತಿದ್ದರು.

ಇಲ್ಲಿ ಊಟ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟು ಅಲ್ಲ. ಅನ್ನ, ಒಂದು ಉಪ್ಪು-ಸಿಹಿ ಬೆರೆತ ಮೀನು ಇಲ್ಲ ಮಾಂಸ, ಒಂದು ತೆಳು ಸಾರು, ಒಂದು ಸೊಪ್ಪು, ನಡುವೆ ಅದ್ದಿಕೊಳ್ಳುವ ಒಂದು ಬಟ್ಟಲು. ಎಲ್ಲರೂ ಹಂಚಿಕೊಂಡು ತಿನ್ನುವುದು. ಮೀನು ತಿನ್ನುವ ಕರಾವಳಿಯವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕಾನ್ ಚುವಾ ಅನ್ನುವ ಮೀನಿನ ಸಾರು ತರಿಸಿ. ಹುಣಸೆಹುಳಿ, ಟೊಮೆಟೊ, ಅನಾನಸು, ಬೆಂಡೆಕಾಯಿ, ಜೊತೆಗೆ ಕೆಸುವಿನ ಜಾತಿಯ ಒಂದು ದಂಟು. ಸಾಮಾನೆಲ್ಲ ನಮ್ಮದೇ, ರುಚಿ ಪೂರ್ತಿ ಬೇರೆ. ಪುಳಿಮುಂಚಿಯ ಖಾರ ನಿರೀಕ್ಷಿಸಬೇಡಿ. ಹುಳಿ, ಸಿಹಿ ಎರಡೂ ಇರುತ್ತದೆ, ತೆಳು ಇರುತ್ತದೆ, ಅನ್ನಕ್ಕೆ ಹಾಕಿಕೊಂಡರೆ ಎರಡನೇ ತುತ್ತಿಗೆ ಹಿಡಿಸುತ್ತದೆ. ಇನ್ನೊಂದು ಕಾ ಖೋ ತೋ. ಸಕ್ಕರೆ ಕಂದಿಸಿ, ನುಕ್ ಮಾಮ್, ಕಾಳುಮೆಣಸು ಹಾಕಿ ಮಣ್ಣಿನ ಪಾತ್ರೆಯಲ್ಲಿ ಬತ್ತಿಸಿದ ಮೀನು. ಇದು ಉಪ್ಪು ಜಾಸ್ತಿ, ಸ್ವಲ್ಪ ಸ್ವಲ್ಪ ನಂಜಿಕೊಳ್ಳಬೇಕು. ಇವೆರಡಕ್ಕೂ ಹಾಕುವುದು ಹೆಚ್ಚಾಗಿ ಹೊಳೆ ಮೀನು. ಅಂಜಲ್, ಬಂಗುಡೆ ತಿಂದ ನಾಲಿಗೆಗೆ ಮೊದಲು ಸಪ್ಪೆ ಅನಿಸಬಹುದು.

ಕೆಲವು ಹೋಟೆಲುಗಳಲ್ಲಿ ಅನ್ನ ಬೆಂದ ಮಡಕೆಯನ್ನು ಎದುರಲ್ಲೇ ಒಡೆದು, ತಳ ಹಿಡಿದ ಗರಿ ಗರಿ ಅನ್ನದ ಬಿಲ್ಲೆಯನ್ನು ಒಬ್ಬರು ಇನ್ನೊಬ್ಬರಿಗೆ ಎಸೆದು ತಟ್ಟೆಯಲ್ಲಿ ಹಿಡಿಯುತ್ತಾರೆ. ಮಕ್ಕಳಿಗೆ ಇದು ಹಬ್ಬ.

ಇನ್ನು ಕಷ್ಟಗಳು. ಒಂದು, ಹಂದಿ ಕೊಬ್ಬು. ಬತ್ತಿಸಿದ ಮೀನಿಗೂ, ಸುಟ್ಟ ಬದನೆಯ ಮೇಲೆ ಸುರಿಯುವ ಈರುಳ್ಳಿ ಎಣ್ಣೆಗೂ, ಬೇಯಿಸಿದ ತರಕಾರಿಗೆ ಕೊಡುವ ಗಟ್ಟಿ ಚಟ್ನಿಗೂ ಅದು ಬೀಳಬಹುದು. ಹಂದಿ ಬೇಡದವರು ಆರ್ಡರ್ ಮಾಡುವ ಮೊದಲೇ ಹೇಳಬೇಕು. ಎರಡು, ಹಂಚಿಕೊಂಡು ತಿನ್ನುವ ಪದ್ಧತಿಯೇ ಕೆಲವು ಹಿರಿಯರಿಗೆ ಆಗುವುದಿಲ್ಲ. ಬಾಯಿಗೆ ಹೋದ ಚಾಪ್‌ಸ್ಟಿಕ್ ಕಡ್ಡಿಯೇ ನಡುವಿನ ಬಟ್ಟಲಿಗೂ ಬರುತ್ತದೆ. ಎಂಜಲು, ಮುಸುರೆ ನೋಡುವ ಮನೆಯವರಿಗೆ ಇದು ಸಣ್ಣ ವಿಷಯ ಅಲ್ಲ, ಅವರನ್ನು ಒತ್ತಾಯ ಮಾಡುವುದೂ ಸರಿಯಲ್ಲ. ಕೂತ ಕೂಡಲೇ ಬೇರೆ ಬಟ್ಟಲು, ಬೇರೆ ಚಮಚ ಕೇಳಿ, ಬಡಿಸಿ ಕೊಟ್ಟುಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ. ಮೂರು, ಬಿಲ್ಲು. ಒಬ್ಬರಿಗೆ 2.5 ಲಕ್ಷದಿಂದ 4.5 ಲಕ್ಷ ಡಾಂಗ್ ಆಗುತ್ತದೆ, ಅಂದರೆ ಸುಮಾರು 850ರಿಂದ 1500 ರೂಪಾಯಿ. ಅದರ ಮೇಲೆ ಮೇಜಿನಲ್ಲಿಟ್ಟ ಒದ್ದೆ ಟವೆಲ್ ಪೊಟ್ಟಣ ಒಡೆದರೆ ಅದಕ್ಕೂ ದುಡ್ಡು, ನೆಲಗಡಲೆ ಪೊಟ್ಟಣ ಬಿಡಿಸಿದರೆ ಅದಕ್ಕೂ. ದೊಡ್ಡ ಮೊತ್ತ ಅಲ್ಲ, ಆದರೆ ಗೊತ್ತಿಲ್ಲದಿದ್ದರೆ ಕಿರಿಕಿರಿ. ಮೀನನ್ನು ತೂಕದ ಲೆಕ್ಕದಲ್ಲಿ ಮಾರುವ ಕಡೆ ಮಾತ್ರ ಹುಷಾರು. ನಮಗೆ ಒಂದು ಹೋಟೆಲಿನಲ್ಲಿ ದೊಡ್ಡ ಮೀನು ತಂದು ತೋರಿಸಿದರು, ಚಂದ ಉಂಟು ಅಂತ ತಲೆ ಆಡಿಸಿದೆವು, ಮೆನುವಿನಲ್ಲಿ ಬರೆದಿದ್ದ ರೇಟು 100 ಗ್ರಾಂಗೆ ಅಂತ ಯಾರೂ ಹೇಳಲಿಲ್ಲ. ತೂಕ ಮಾಡಿಸಿ, ಒಟ್ಟು ಎಷ್ಟು ಅಂತ ಕ್ಯಾಲ್ಕುಲೇಟರಿನಲ್ಲಿ ತೋರಿಸಲು ಹೇಳಿ, ಆಮೇಲೆ ಒಲೆಗೆ ಹೋಗಲಿ.

ಗರಿಯ ಮಾಡಿನ ಹೋಟೆಲುಗಳಲ್ಲಿ ಹೆಚ್ಚಾಗಿ ಏಸಿ ಇರುವುದಿಲ್ಲ. ನಮ್ಮ ರಜೆ ಬರುವ ಏಪ್ರಿಲ್, ಮೇ ತಿಂಗಳಿನಲ್ಲೇ ಸೈಗಾನ್‌ನಲ್ಲಿ ಬೇಗೆ ಜಾಸ್ತಿ. ಅಲ್ಲಿಗೆ ಸಂಜೆ 6ಕ್ಕೆ ಹೋಗುವುದು ಒಳ್ಳೆಯದು.

ಮೆಕಾಂಗ್ ಕಡೆಗೆ, ಮೀ ಥೋ ಅಥವಾ ಬೆನ್ ತ್ರೆಗೆ, ಟೂರಿನಲ್ಲಿ ಹೋದರೆ ತೋಟದ ನಡುವಿನ ಹೋಟೆಲಿನಲ್ಲಿ ಊಟ ಅದರಲ್ಲೇ ಸೇರಿರುತ್ತದೆ. ಇಡೀ ಮೀನನ್ನು ಗರಿಯಾಗಿ ಕರಿದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತರುತ್ತಾರೆ. ಅದನ್ನು ಬಿಡಿಸಿ ಅಕ್ಕಿ ಹಾಳೆಯಲ್ಲಿ ಸೊಪ್ಪಿನ ಜೊತೆ ಸುತ್ತಿ ತಿನ್ನುವುದು. ಜಾಗ ನಿಜವಾಗಿಯೂ ಹಳ್ಳಿಯೇ, ತೆಂಗಿನ ತೋಟ ನೋಡಿ ನಮ್ಮವರಿಗೆ ಮನೆ ನೆನಪಾಗುತ್ತದೆ. ಅಡುಗೆ ಮಾತ್ರ ಬಸ್ಸಿಗೆ ಬಸ್ಸು ಜನಕ್ಕೆ ಮಾಡಿದ್ದು. ರುಚಿಗಾಗಿ ಹೋಗುವವರು ನಗರದ ಹೋಟೆಲನ್ನೇ ನಂಬಿ. ಟೂರಿನಲ್ಲಿ ಸಸ್ಯಾಹಾರಿಗಳಿದ್ದರೆ ಬುಕ್ ಮಾಡುವಾಗಲೇ ಬರೆದು ತಿಳಿಸಿ, ಅಲ್ಲಿ ಹೋಗಿ ಹೇಳಿದರೆ ಸಿಗುವುದು ಅನ್ನ ಮತ್ತು ಸೌತೆಕಾಯಿ.

ಫುಟ್‌ಪಾತಿನ ಸ್ಟೂಲು

ಒಂದು ಅಂಗಡಿ, ಒಂದೇ ತಿಂಡಿ, ದಶಕಗಳಿಂದ ಅದೇ ಕೈ. ರುಚಿಗೆ ಇದನ್ನು ಮೀರಿಸುವ ಜಾಗ ಇಲ್ಲ. 2016ರ ಮೇನಲ್ಲಿ ಒಬಾಮಾ ಹನೋಯ್‌ನಲ್ಲಿ ಇಂಥದೇ ಪುಟ್ಟ ಸ್ಟೂಲಿನ ಮೇಲೆ ಕೂತು ಬುನ್ ಚಾ ತಿಂದರು, ಆ ಮೇಜನ್ನು ಅಂಗಡಿಯವರು ಈಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆ ಕಥೆ ಓದಿ ಹೋಗುವವರು ತುಂಬ ಜನ. ಬುನ್ ಚಾ ಸುಟ್ಟ ಹಂದಿ ಮಾಂಸದ್ದು ಅನ್ನುವುದನ್ನು ಮೊದಲೇ ತಿಳಿದಿರಿ.

ಫೋ ಅಂದರೆ ಮಾಂಸದ ಸಾರಿನಲ್ಲಿ ಹಾಕಿದ ಅಕ್ಕಿ ನೂಡಲ್ಸ್, ಒಂದು ಬಟ್ಟಲಿಗೆ 40ರಿಂದ 70 ಸಾವಿರ ಡಾಂಗ್. ಫೋ ಬೊ ಅಂದರೆ ದನದ್ದು, ಫೋ ಗಾ ಅಂದರೆ ಕೋಳಿಯದ್ದು. ದನದ ಮಾಂಸ ತಿನ್ನದವರು ಬರೀ ಕೋಳಿ ಫೋ ಮಾರುವ ಅಂಗಡಿಯನ್ನೇ ಹುಡುಕಿ, ಎರಡೂ ಮಾರುವ ಕಡೆ ಸಾರು ಒಂದೇ ಹಂಡೆಯದ್ದು ಇರಬಹುದು. ಹನೋಯ್ ಫೋ ಸರಳ, ಸಾರಿನ ರುಚಿಯೇ ಮುಖ್ಯ. ಸೈಗಾನ್‌ನಲ್ಲಿ ಜೊತೆಗೆ ಒಂದು ತಟ್ಟೆ ತುಂಬ ಸೊಪ್ಪು, ಮೊಳಕೆ ಕಾಳು ಕೊಡುತ್ತಾರೆ.

ತೊಂದರೆ ಏನೆಂದರೆ ಸ್ಟೂಲು ಮಣೆಗಿಂತ ಸ್ವಲ್ಪವೇ ಎತ್ತರ. ಮಂಡಿ ನೋವಿನವರು ಕೂತರೆ ಏಳುವುದಿಲ್ಲ. ಟಾಯ್ಲೆಟ್ ಇರುವುದಿಲ್ಲ. ಬೈಕುಗಳು ಬೆನ್ನಿಗೆ ತಾಗಿಕೊಂಡು ಹೋಗುತ್ತವೆ. ಚಿಕ್ಕ ಮಗು ಎತ್ತಿಕೊಂಡವರಿಗೂ ಕಷ್ಟ. ಹೊಟ್ಟೆ ಕೆಡುತ್ತದಾ ಅಂತ ಕೇಳುವವರಿಗೆ ಹೇಳುವುದು ಇಷ್ಟೇ: ಕುದಿಯುವ ಸಾರು ಎದುರಲ್ಲೇ ಹಾಕಿ ಕೊಡುವ, ಜನ ತುಂಬಿದ ಅಂಗಡಿಗೆ ಬೆಳಿಗ್ಗೆ 7ಕ್ಕೆ ಹೋಗಿ. ಮೊದಲ ಎರಡು ದಿನ ಹಸಿ ಸೊಪ್ಪು, ಐಸು ಬಿಡಿ.

ದಿನದ ಅನ್ನದ ಅಂಗಡಿ

ಕೊಮ್ ಬಿನ್ ಯಾನ್ ಅನ್ನುತ್ತಾರೆ. ಗಾಜಿನ ಹಿಂದೆ ಹತ್ತಾರು ಪಲ್ಯ, ಕರಿ, ಹುರಿದದ್ದು ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಅನ್ನದ ಪಕ್ಕ ಹಾಕಿ ಕೊಡುತ್ತಾರೆ, 35ರಿಂದ 60 ಸಾವಿರ ಡಾಂಗ್. ಆಫೀಸಿನವರು, ಡ್ರೈವರುಗಳು ಉಣ್ಣುವ ಜಾಗ. ಅಲಂಕಾರ ಏನೂ ಇಲ್ಲ, ಫೋಟೋಗೆ ಬರುವುದಿಲ್ಲ, ಆದರೆ ಸಾಮಾನ್ಯ ಎತ್ತರದ ಕುರ್ಚಿ ಇರುತ್ತದೆ, ಕಣ್ಣಿಗೆ ಕಂಡದ್ದನ್ನೇ ಆರಿಸಬಹುದು, ಭಾಷೆ ಬೇಕಿಲ್ಲ. ಕಡಿಮೆ ಬಜೆಟ್ಟಿನಲ್ಲಿ ಅನ್ನವೇ ಬೇಕು ಅನ್ನುವ ಮೀನು ತಿನ್ನುವವರಿಗೆ ಹಳ್ಳಿಮನೆ ಹೋಟೆಲಿನ ಮುಕ್ಕಾಲು ರುಚಿ ಕಾಲಿಗಿಂತಲೂ ಕಡಿಮೆ ಬೆಲೆಗೆ ಇಲ್ಲಿ ಸಿಗುತ್ತದೆ. 11ರಿಂದ 12ರ ಒಳಗೆ ಹೋಗಿ, ಆಮೇಲೆ ಆರಿದ್ದು ಮಾತ್ರ ಉಳಿದಿರುತ್ತದೆ.

ಸಸ್ಯಾಹಾರಿಗಳಿಗೆ ಚಾಯ್ ಅಂಗಡಿ

ಚಾಯ್ ಅಂದರೆ ಇಲ್ಲಿ ಟೀ ಅಲ್ಲ, ಅವರ ಭಾಷೆಯಲ್ಲಿ ಸಸ್ಯಾಹಾರ. ನಮ್ಮ ಕಡೆಯವರಿಗೆ ಇದರ ಬಗ್ಗೆ ಸಾಕಷ್ಟು ಗೊತ್ತಿಲ್ಲ, ಅದೇ ಬೇಜಾರು. ಉಡುಪಿಯ ಪರಿಚಯದವರೊಬ್ಬರು ಚೀಲ ತುಂಬ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪ್ಯಾಕೆಟ್ ಹೊತ್ತುಕೊಂಡು ಹೋಗಿ ಅದನ್ನೇ ತಿಂದು ಬಂದರು. ಒಂದು ಹೋಟೆಲಿನಲ್ಲಿ ಮೊದಲ ದಿನವೇ "ವೆಜ್" ಅಂತ ಕೊಟ್ಟ ಸೂಪಿನ ತಳದಲ್ಲಿ ಎಲುಬಿನ ಚೂರು ಸಿಕ್ಕಿತ್ತು, ಆಮೇಲೆ ಅವರಿಗೆ ಯಾವುದರ ಮೇಲೂ ನಂಬಿಕೆ ಬರಲಿಲ್ಲ. ಅವರು ಉಳಿದಿದ್ದ ಬೀದಿಯ ಕೊನೆಯಲ್ಲೇ ಚಾಯ್ ಅಂಗಡಿ ಇತ್ತು.

ಅಲ್ಲಿನ ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೇ ದಿನ, ಅಂದರೆ ಹೆಚ್ಚು ಕಡಿಮೆ ಅಮಾವಾಸ್ಯೆ, ಹುಣ್ಣಿಮೆಗೆ, ಮಾಂಸ ಮೀನು ಬಿಡುತ್ತಾರೆ. ಹಾಗಾಗಿ ಯಾವ ಊರಿಗೆ ಹೋದರೂ ಚಾಯ್ ಅಂತ ಬೋರ್ಡ್ ಹಾಕಿದ ಅಂಗಡಿ ಸಿಗುತ್ತದೆ. ನುಕ್ ಮಾಮ್ ಬದಲು ಸೋಯಾದಿಂದ ಮಾಡಿದ್ದನ್ನು ಬಳಸುತ್ತಾರೆ. ಕಟ್ಟುನಿಟ್ಟಿನ ಬೌದ್ಧ ಪದ್ಧತಿಯಲ್ಲಿ ನೀರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ, ಉಡುಪಿಯ ಮಡಿ ಅಡುಗೆಯ ಮನೆಗಳಿಂದ ಹೋಗುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ಎಲ್ಲ ಅಂಗಡಿಯವರೂ ಅಷ್ಟು ಪಾಲಿಸುವುದಿಲ್ಲ, ಕೇಳಬೇಕು. ದೇವಸ್ಥಾನದ ಹತ್ತಿರದ ಅಂಗಡಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಹುಯೆ ನಗರ ಬೌದ್ಧ ಮಂದಿರಗಳ ಊರು, ಚಾಯ್ ಅಡುಗೆಗೇ ಹೆಸರಾಗಿದೆ. ಸಸ್ಯಾಹಾರಿಗಳು ಅಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಪ್ಲಾನ್ ಮಾಡಿ.

ಒಂದೇ ಎಚ್ಚರಿಕೆ. ಸೋಯಾದಲ್ಲಿ ಮೀನು, ಕೋಳಿ ಕಾಲು, ಹಂದಿ ಮಾಂಸದ ಆಕಾರ ಮಾಡಿ ಇಟ್ಟಿರುತ್ತಾರೆ. ನೋಡಿದ ಕೂಡಲೇ ಹಿರಿಯರು ಎದ್ದು ಹೋಗಬಹುದು, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅದು ಬೇಡವಾದರೆ ತೋಫು, ಅಣಬೆ, ಬೇಯಿಸಿದ ಸೊಪ್ಪು, ಎಳ್ಳು ನೆಲಗಡಲೆ ಉಪ್ಪು ಕುಟ್ಟಿದ ಪುಡಿ ಹಾಕಿದ ಅನ್ನ ಇವು ಯಾವಾಗಲೂ ಇರುತ್ತವೆ. ಸಣ್ಣ ಅಂಗಡಿಯಲ್ಲಿ ಒಂದು ಊಟ 30ರಿಂದ 50 ಸಾವಿರ ಡಾಂಗ್. ದೊಡ್ಡ ನಗರಗಳಲ್ಲಿ ಇದನ್ನೇ ಹಳೆ ಮನೆ, ಅಂಗಳ, ದೀಪ ಇಟ್ಟು ಮಾಡಿದ ಚಾಯ್ ಹೋಟೆಲುಗಳೂ ಇವೆ, ಬೆಲೆ ಎರಡು ಮೂರು ಪಟ್ಟು. ಹಳ್ಳಿಮನೆ ವಾತಾವರಣವೂ ಬೇಕು, ಸಸ್ಯಾಹಾರವೂ ಬೇಕು ಅನ್ನುವವರು ಸುಮ್ನೆ ಮಾಂಸದ ಹೋಟೆಲಿನವರ ಜೊತೆ ಚೌಕಾಸಿ ಮಾಡುವ ಬದಲು ಇಂಥದ್ದನ್ನು ಹುಡುಕಿ.

ಭಾರತೀಯ ಹೋಟೆಲುಗಳೂ ಇವೆ, ಹೆಚ್ಚಿನವು ಉತ್ತರ ಭಾರತದ ಅಡುಗೆಯವು. ಚಾಯ್ ಊಟದ ನಾಲ್ಕೈದು ಪಟ್ಟು ಕೊಟ್ಟು ದಾಲ್, ರೋಟಿ ತಿನ್ನುವುದಕ್ಕೆ ಅಷ್ಟು ದೂರ ಹೋಗಬೇಕಾ ಅಂತ ನನಗೆ ಅನಿಸುತ್ತದೆ. ಮಗುವಿಗೆ ಹುಷಾರಿಲ್ಲದಾಗ ಮೊಸರನ್ನಕ್ಕೆ ಮಾತ್ರ ಅಡ್ರೆಸ್ ಇಟ್ಟುಕೊಂಡಿರಿ.

ಹಲಾಲ್ ಬೇಕಾದ ನಮ್ಮ ಬ್ಯಾರಿ ಸ್ನೇಹಿತರಿಗೆ: ಹಳ್ಳಿಮನೆ ಹೋಟೆಲು, ಫುಟ್‌ಪಾತು ಎರಡೂ ಕಷ್ಟ. ಸೈಗಾನ್‌ನ ದೊಂಗ್ ಯು ರಸ್ತೆಯಲ್ಲಿ 1935ರಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿಸಿದ ಮಸೀದಿ ಇದೆ, ಹಲಾಲ್ ಊಟ ಹುಡುಕುವುದನ್ನು ಅಲ್ಲಿಂದ ಶುರು ಮಾಡಿ. ಉಳಿದ ಊರುಗಳಲ್ಲಿ ಚಾಯ್ ಅಂಗಡಿ ನಿಮಗೂ ಆಗುತ್ತದೆ.

ಹಾಗಾದರೆ ಯಾರು ಎಲ್ಲಿಗೆ?

ಮಣಿಪಾಲದವರ ಕುಟುಂಬಕ್ಕೆ ಒಂದೇ ಜಾಗ ಅಂತ ಹುಡುಕಿದರೆ ಯಾರಿಗೂ ಸರಿಯಾಗುವುದಿಲ್ಲ. ಬೆಳಿಗ್ಗೆ ಹಿರಿಯರು ರೂಮಿನ ಹೋಟೆಲಿನಲ್ಲೇ ಹಣ್ಣು, ಬ್ರೆಡ್ ತಿಂದು ಆರಾಮ ಮಾಡಲಿ, ಅಷ್ಟರಲ್ಲಿ ಅಪ್ಪ ಮಗ ಹೋಗಿ ಕೋಳಿ ಫೋ ತಿಂದು ಬರಲಿ. ಮಧ್ಯಾಹ್ನ ಎಲ್ಲರೂ ಚಾಯ್ ಅಂಗಡಿ. ಹಳ್ಳಿಮನೆ ಹೋಟೆಲು ಇಡೀ ಪ್ರವಾಸಕ್ಕೆ ಒಂದು ಸಂಜೆ ಸಾಕು, ಆದರೆ ಆ ಸಂಜೆಯನ್ನು ಸರಿಯಾಗಿ ಆರಿಸಿ: ಮೆನುವಿನಲ್ಲಿ ಚಾಯ್ ಅಂತ ಬೇರೆ ಪುಟ ಇರಬೇಕು, ಬೆನ್ನಿಗೆ ಒರಗುವ ಕುರ್ಚಿ ಇರಬೇಕು, ಮೊದಲೇ ಟೇಬಲ್ ಹೇಳಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮಾವನನ್ನು ಕರೆದುಕೊಂಡು ಹೋಗಬೇಡಿ.

ಗಂಡ ಹೆಂಡತಿ ಇಬ್ಬರೇ, ಮೀನು ತಿನ್ನುತ್ತೀರಿ, ಖರ್ಚಿಗೆ ತೊಂದರೆ ಇಲ್ಲ ಅಂತಾದರೆ ಹಳ್ಳಿಮನೆ ಹೋಟೆಲಿಗೆ ಎರಡು ಮೂರು ಸಲವಾದರೂ ಹೋಗಿ, ಹನೋಯ್‌ನಲ್ಲಿ ಒಮ್ಮೆ ಅದನ್ನು ಬಿಟ್ಟು ಚಾ ಕಾ ತಿನ್ನಿ. ಅರಿಶಿನ ಹಚ್ಚಿದ ಮೀನನ್ನು ಮೇಜಿನ ಮೇಲೆಯೇ ಸಣ್ಣ ಒಲೆಯಲ್ಲಿ ರಾಶಿ ಸಬ್ಬಸಿಗೆ ಸೊಪ್ಪಿನ ಜೊತೆ ಬಾಡಿಸಿ ಕೊಡುತ್ತಾರೆ. ಜೊತೆಗಿಡುವ ಸಿಗಡಿ ಚಟ್ನಿಯ ವಾಸನೆ ತಡೆಯದಿದ್ದರೆ ನುಕ್ ಮಾಮ್ ಕೇಳಿ. ಕಾಲೇಜು ಹುಡುಗರ ಗುಂಪಾದರೆ ಫುಟ್‌ಪಾತು ಮತ್ತು ಅನ್ನದ ಅಂಗಡಿ, ದಿನಕ್ಕೆ 2 ಲಕ್ಷ ಡಾಂಗ್‌ನಲ್ಲಿ ಹೊಟ್ಟೆ ತುಂಬ ತಿನ್ನಬಹುದು, ಉಳಿದ ದುಡ್ಡಲ್ಲಿ ಕೊನೆ ರಾತ್ರಿ ಮಡಕೆ ಒಡೆಯುವ ಹೋಟೆಲು.

ಜನವರಿ ಕೊನೆ, ಫೆಬ್ರವರಿಯಲ್ಲಿ ಹೋಗುವವರು ಅವರ ಹೊಸ ವರ್ಷ ತೆತ್ ಯಾವಾಗ ಅಂತ ನೋಡಿಕೊಳ್ಳಿ. ಆ ವಾರ ಮನೆಯವರೇ ನಡೆಸುವ ಅಂಗಡಿಗಳು ಹೆಚ್ಚಿನವು ಬಾಗಿಲು ಹಾಕಿರುತ್ತವೆ.

ಇನ್ನೂ ಅನುಮಾನ ಇದ್ದರೆ ಟಿಕೆಟ್ ತೆಗೆಯುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ದೊಡ್ಡ ಸೂಪರ್ ಮಾರ್ಕೆಟಿನಲ್ಲಿ ಫಿಶ್ ಸಾಸ್ ಬಾಟಲಿ ಸಿಗುತ್ತದೆ. ಒಂದು ಚಮಚ ಅದು, ಒಂದು ಚಮಚ ಸಕ್ಕರೆ, ಒಂದು ಚಮಚ ಲಿಂಬೆ ರಸ, ನಾಲ್ಕು ಚಮಚ ಬಿಸಿ ನೀರು, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ, ಗಾಂಧಾರಿ ಮೆಣಸು. ಕಲಸಿ, ಶ್ಯಾವಿಗೆಗೆ ಸ್ವಲ್ಪ ಸುರಿದು, ಹುರಿದ ಮೀನಿನ ಜೊತೆ ಮನೆಯ ಮೀನು ತಿನ್ನುವವರಿಗೆಲ್ಲ ಕೊಡಿ. ಎರಡನೇ ಸಲ ಬಡಿಸಿಕೊಂಡವರನ್ನು ಹಳ್ಳಿಮನೆ ಹೋಟೆಲಿಗೆ ಧೈರ್ಯವಾಗಿ ಕರೆದುಕೊಂಡು ಹೋಗಿ. ತಟ್ಟೆ ದೂರ ತಳ್ಳಿದವರಿದ್ದರೆ ಅವರಿಗೂ ಚಾಯ್ ಅಂಗಡಿಯ ವಿಳಾಸವನ್ನೇ ಬರೆದು ಇಟ್ಟುಕೊಳ್ಳಿ.